ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಪಡೆಯುವುದು ಹೇಗೆ: ಆಸ್ಪತ್ರೆ ಚೀಟಿಯಿಂದ ಕೋರ್ಟ್ ಆದೇಶದವರೆಗೆ

ನಮ್ಮ ಚಿಕ್ಕಪ್ಪನ ಎಡಗೈ ಹೆಬ್ಬೆರಳು ಹೋಗಿದ್ದು ಸಾ ಮಿಲ್ಲಿನಲ್ಲಿ. 2022ರ ಆಷಾಢ. ಹೊರಗೆ ಧೋ ಅಂತ ಮಳೆ, ಒಳಗೆ ಒದ್ದೆ ಹಲಗೆ. ತಳ್ಳುವಾಗ ಕೈ ಜಾರಿತು. ಮೇಸ್ತ್ರಿ ಕೈಗೆ ಟವೆಲ್ ಸುತ್ತಿ ಜೀಪಿನಲ್ಲಿ ಆಸ್ಪತ್ರೆಗೆ ಕರೆತಂದರು. ಚೀಟಿ ಬರೆಯುವವರು "ಎಂತ ಆಯ್ತು?" ಅಂತ ಕೇಳಿದರು. ಚಿಕ್ಕಪ್ಪ ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಹೇಳಿಬಿಟ್ಟರು: "ಮನೇಲಿ ಕಟ್ಟಿಗೆ ಒಡೀತಾ ಇದ್ರು, ಕೊಡ್ಲಿ ತಾಗ್ತು." ಹಾಗೇ ಬರೆದರು. ಆ ಒಂದು ಸಾಲು ಸುಳ್ಳು ಅಂತ ತೋರಿಸೋಕೆ ನಮಗೆ ಎರಡು ವರ್ಷ ಹಿಡಿಯಿತು.

ಆ ಎರಡು ವರ್ಷದಲ್ಲಿ ಕೋರ್ಟು, ಕಚೇರಿ, ವಕೀಲರು ಅಂತ ಓಡಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ ಮಳೆಗಾಲಕ್ಕೊಂದು, ಅಡಿಕೆ ಕೊನೆ (ಗೊನೆ) ಕೊಯ್ಲಿಗೊಂದು ಇಂಥ ಸುದ್ದಿ ಬಂದೇ ಬರುತ್ತದೆ. ಅಡಿಕೆ ಮರದಿಂದ ಬಿದ್ದವರು, ಕಳೆ ಹೊಡೆಯುವ ಮಿಷನ್ನಿನ ಬ್ಲೇಡ್ ತಾಗಿದವರು, ಕ್ವಾರಿಯಲ್ಲಿ ಕಲ್ಲು ಬಿದ್ದವರು. ಹೆಚ್ಚಿನವರಿಗೆ ತಮಗೆ ಹಣ ಸಿಗಬೇಕು ಅನ್ನೋದೇ ಗೊತ್ತಿರುವುದಿಲ್ಲ. ಗೊತ್ತಿದ್ದವರೂ ಮೊದಲ ದಿನದ ಕಾಗದದಲ್ಲೇ ಸೋತಿರುತ್ತಾರೆ.

ಮೊದಲ ಗಂಟೆ: ಚೀಟಿಯಲ್ಲಿ ನಿಜ ಬರೆಸಿ

ಜೀವ ಉಳಿಸುವುದು ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಾಯಾಳುವಿನ ಜೊತೆ ಮನೆಯವರೊಬ್ಬರು ಹೋಗಲೇಬೇಕು. ಆಗಲಿಲ್ಲವಾ, ಫೋನ್ ಮಾಡಿಯಾದರೂ ಹೇಳಿ. ಕ್ಯಾಶುವಾಲಿಟಿಯಲ್ಲಿ "ಹೇಗಾಯ್ತು" ಅಂತ ಕೇಳಿದಾಗ ಮೂರು ವಿಷಯ ಬರೆಸಬೇಕು: ಎಲ್ಲಿ ಆಯಿತು, ಯಾರ ಕೆಲಸ ಮಾಡುವಾಗ ಆಯಿತು, ಎಷ್ಟು ಹೊತ್ತಿಗೆ ಆಯಿತು. "ಮರದಿಂದ ಬಿದ್ದು ಪೆಟ್ಟು" ಅಂತ ಬರೆದರೆ ಸಾಲದು. "ಇಂಥವರ ತೋಟದಲ್ಲಿ ಕೂಲಿಗೆ ಕೊನೆ ತೆಗೆಯುವಾಗ, ಬೆಳಿಗ್ಗೆ 10 ಗಂಟೆಗೆ ಅಡಿಕೆ ಮರದಿಂದ ಬಿದ್ದು" ಅಂತ ಇರಬೇಕು. ಬರೆದ ಮೇಲೆ ಓದಿಸಿ ಕೇಳಿ. ಇಂಗ್ಲಿಷಿನಲ್ಲಿ ಬರೆದಿದ್ದರೆ ಅಲ್ಲೇ ಇರುವ ನರ್ಸ್ ಹತ್ತಿರ ಕೇಳಿ ತಿಳಿದುಕೊಳ್ಳಿ. ಅದಕ್ಕೆ ಸಂಕೋಚ ಬೇಡ.

ಎಂಎಲ್‌ಸಿ ಮಾಡಿಸಿ ಅಂತಲೂ ಹೇಳಿ. ಎಂಎಲ್‌ಸಿ ಅಂದರೆ ಆಸ್ಪತ್ರೆಯವರು ಪೊಲೀಸ್ ಠಾಣೆಗೆ ತಿಳಿಸುವ ಪ್ರಕರಣ. "ಪೊಲೀಸ್ ಯಾಕೆ ಮಾರಾಯ, ಸುಮ್ನೆ ತಲೆನೋವು" ಅಂತ ಜೊತೆಗೆ ಬಂದವರು ಹೇಳುತ್ತಾರೆ. ಅದು ಅವರ ತಲೆನೋವು, ನಿಮ್ಮದಲ್ಲ. ಎಂಎಲ್‌ಸಿ ಮಾಡಿಸಿದ ಮಾತ್ರಕ್ಕೆ ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಅವಘಡ ಆದ ದಿನವೇ ಒಂದು ಸರಕಾರಿ ದಾಖಲೆ ಹುಟ್ಟುತ್ತದೆ, ಅಷ್ಟೇ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇರಲಿ, ತಾಲ್ಲೂಕು ಆಸ್ಪತ್ರೆ ಇರಲಿ, ಖಾಸಗಿ ನರ್ಸಿಂಗ್ ಹೋಂ ಇರಲಿ, ಈ ವಿಷಯದಲ್ಲಿ ವ್ಯತ್ಯಾಸ ಇಲ್ಲ.

ಚೀಟಿಯಲ್ಲಿ ಈಗಾಗಲೇ ತಪ್ಪು ಬರೆದಾಗಿದ್ದರೆ? ಅದನ್ನು ತಿದ್ದಲು ಹೋಗಬೇಡಿ, ತಿದ್ದಿದ ಚೀಟಿ ಇನ್ನೂ ಅಪಾಯ. ಗಾಯಾಳುವಿಗೆ ಮಾತಾಡುವ ಶಕ್ತಿ ಬಂದ ಕೂಡಲೇ ಆಪರೇಷನ್ ಮಾಡಿದ ಡಾಕ್ಟರಿಗೆ ನಿಜ ಹೇಳಿ, ಕೇಸ್ ಶೀಟಿನಲ್ಲಿ ದಿನಾಂಕ ಹಾಕಿ ಬರೆಸಿ. ಮೊದಲ ದಿನ ಯಾರು ಕರೆತಂದರು, ಯಾರು ಏನು ಹೇಳಿದರು ಅಂತ ಠಾಣೆಗೂ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಾವು ನಾಲ್ಕನೇ ದಿನ ಮಾಡಿದ್ದು ಇದನ್ನೇ. ಕೊನೆಗೆ ಕೈ ಹಿಡಿದದ್ದೂ ಇದೇ.

ನನಗೆ ಇದು ಅನ್ವಯ ಆಗುತ್ತದಾ?

"ಅದೆಲ್ಲ ಫ್ಯಾಕ್ಟರಿಯವರಿಗೆ" ಅನ್ನುವ ಮಾತು ನಮ್ಮ ಕಡೆ ಜಾಸ್ತಿ. ಅದು ತಪ್ಪು. 1923ರಿಂದ ಇದ್ದ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಕಾಫಿ, ಏಲಕ್ಕಿ, ರಬ್ಬರ್, ಟೀ ಎಸ್ಟೇಟಿನ ಕೆಲಸ ಇದೆ. ಮರ ಕಡಿಯುವುದು, ಕಾಡಿನ ಬೆಂಕಿ ಆರಿಸುವುದು ಇದೆ. ಜಮೀನಿನ ಸಾಗುವಳಿ, ದನಕರು ಸಾಕಣೆ, ಕಾಡಿನ ಕೆಲಸ, ಮೀನು ಹಿಡಿಯುವ ಕೆಲಸವೂ ಇದೆ. ಅಡಿಕೆ ತೋಟದ ಕೂಲಿ ಸಾಗುವಳಿಯೊಳಗೇ ಬರುತ್ತದೆ. ದಿನಗೂಲಿ, ಹಂಗಾಮಿ ಅಂತ ಹೇಳಿ ಯಾರನ್ನೂ ಹೊರಗಿಡುವ ಹಾಗಿಲ್ಲ.

2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಪರಿಹಾರದ ಲೆಕ್ಕ ಹಾಕುವ ದಾರಿ ಅದರಲ್ಲೂ ಹಳೆಯದರ ಹಾಗೇ ಇದೆ. ಆ ದಿನಕ್ಕೂ ಮೊದಲೇ ಆದ ಅವಘಡಕ್ಕೆ ಹಳೆಯ ಕಾಯ್ದೆಯೇ ನಡೆಯುತ್ತದೆ. ಹೊಸದರಲ್ಲಿ ಒಂದು ಒಳ್ಳೆಯ ಮಾತು ಸೇರಿದೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸ ಮುಗಿಸಿ ಬರುವಾಗ ಆದ ಅವಘಡಕ್ಕೂ ಕೆಲಸಕ್ಕೂ ನಂಟು ತೋರಿಸಿದರೆ ಅದೂ ಕೆಲಸದ ಅವಘಡವೇ. ಬೆಳಿಗ್ಗೆ ಪಿಕಪ್ಪಿನ ಹಿಂದೆ ನಿಂತು ಎಸ್ಟೇಟಿಗೆ ಹೋಗುವ ಹೆಂಗಸರನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

"ತಪ್ಪು ಅವನದ್ದೇ, ಹುಷಾರಾಗಿ ಇರಬೇಕಿತ್ತು" ಅನ್ನುವ ಮಾತಿಗೆ ಈ ಕಾನೂನಿನಲ್ಲಿ ಬೆಲೆ ಇಲ್ಲ. ಅಜಾಗ್ರತೆಯಿಂದ ಆದರೂ ಪರಿಹಾರ ಕೊಡಬೇಕು. ಕುಡಿದಿದ್ದರೆ, ಸುರಕ್ಷತೆಯ ನಿಯಮವನ್ನು ಬೇಕೆಂದೇ ಮುರಿದಿದ್ದರೆ, ಯಂತ್ರದ ರಕ್ಷಣೆಗೆ ಹಾಕಿದ ಗಾರ್ಡ್ ಬೇಕೆಂದೇ ತೆಗೆದಿದ್ದರೆ ಮಾಲೀಕರು ತಪ್ಪಿಸಿಕೊಳ್ಳಬಹುದು. ಅದೂ ಸಣ್ಣಪುಟ್ಟ ಗಾಯಕ್ಕೆ, ಭಾಗಶಃ ಊನಕ್ಕೆ ಮಾತ್ರ. ಜೀವ ಹೋದರೆ, ಪೂರ್ತಿ ಅಂಗವಿಕಲರಾದರೆ ಆ ನೆಪವೂ ನಡೆಯುವುದಿಲ್ಲ.

ಹಾಗಾದರೆ ಮಾಲೀಕರು ಯಾರು? ನಮ್ಮಲ್ಲಿ ತೊಡಕಾಗುವುದು ಇಲ್ಲೇ. ತೋಟವನ್ನು ಖೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟಿರುತ್ತಾರೆ. ಕೂಲಿ ಕೊಡುವವರು ಖೇಣಿದಾರರು, ಮರ ತೋಟದ ಯಜಮಾನರದ್ದು. ಕೆಲಸಕ್ಕೆ ಕರೆದು ಕೂಲಿ ಕೊಟ್ಟವರೇ ಮೊದಲ ಹೊಣೆಗಾರರು. ಯಜಮಾನರ ಹೆಸರನ್ನೂ ಅರ್ಜಿಯಲ್ಲಿ ಸೇರಿಸಿ, ಯಾರ ಹೊಣೆ ಎಷ್ಟು ಅಂತ ಕೋರ್ಟ್ ನೋಡುತ್ತದೆ. ಕಂಟ್ರಾಕ್ಟರ್ ಮೂಲಕ ಕೆಲಸಕ್ಕೆ ಹೋದವರಿಗೆ ಕಾನೂನು ಇನ್ನೂ ಸ್ಪಷ್ಟ. ಕಂಪನಿ ತನ್ನ ವ್ಯವಹಾರದ ಕೆಲಸವನ್ನೇ ಕಂಟ್ರಾಕ್ಟ್ ಕೊಟ್ಟಿದ್ದರೆ ಪರಿಹಾರವನ್ನು ಆ ಕಂಪನಿಯಿಂದಲೇ ಕೇಳಬಹುದು. ಕಂಟ್ರಾಕ್ಟರ್ ಊರು ಬಿಟ್ಟ ಅಂತ ಕೈ ಚೆಲ್ಲಬೇಡಿ.

ಇಎಸ್‌ಐ ಇದ್ದರೆ ದಾರಿ ಬೇರೆ

ಶಿವಮೊಗ್ಗದ ಹತ್ತಿರದ ಮಾಚೇನಹಳ್ಳಿಯ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ನಲ್ಲಿ, ಫೌಂಡ್ರಿಗಳಲ್ಲಿ ದುಡಿಯುವವರು ಮೊದಲು ಸಂಬಳದ ಚೀಟಿ ನೋಡಿ. ಶೇ. 0.75ರಷ್ಟು ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐಗೆ ಅಂತ ಕಡಿತ ಆಗಿದ್ದರೆ ನೀವು ಇಎಸ್‌ಐ ಸದಸ್ಯರು. ಅದು ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಸೌಲಭ್ಯ ಇದೆ. ವಾಸಿ ಆಗುವವರೆಗೆ ದಿನದ ಸರಾಸರಿ ಕೂಲಿಯ ಶೇ. 90 ಸಿಗುತ್ತದೆ. ಶಾಶ್ವತ ಊನ ಆದರೆ ಮೆಡಿಕಲ್ ಬೋರ್ಡ್ ಹೇಳಿದ ಪ್ರಮಾಣದಂತೆ ಜೀವನಪೂರ್ತಿ ತಿಂಗಳ ಹಣ. ಜೀವ ಹೋದರೆ ಅವಲಂಬಿತರಿಗೆ ಪಿಂಚಣಿ.

ಇಎಸ್‌ಐ ಇದ್ದವರು ಅದೇ ಗಾಯಕ್ಕೆ ಮಾಲೀಕರಿಂದ ಬೇರೆ ಪರಿಹಾರ ಕೇಳುವ ಹಾಗಿಲ್ಲ. ಆದ್ದರಿಂದ ಕಂಪನಿಯವರು ಅವಘಡದ ವರದಿಯನ್ನು ಇಎಸ್‌ಐಗೆ ಕಳಿಸಿದರಾ ಅಂತ ಕೂಡಲೇ ವಿಚಾರಿಸಿ. ಕಳಿಸದೇ ಇದ್ದರೆ ನೀವೇ ಶಾಖಾ ಕಚೇರಿಗೆ ಹೋಗಿ ತಿಳಿಸಿ. ನಿಮ್ಮ ಹೆಸರು ನೋಂದಾಯಿಸದೆ ವಂಚಿಸಿದ್ದರೂ ಅಲ್ಲಿ ದೂರು ಕೊಡಬಹುದು. ನಿಮಗೆ ಸಲ್ಲಬೇಕಾದದ್ದನ್ನು ಕೊಟ್ಟು ಮಾಲೀಕರಿಂದ ವಸೂಲಿ ಮಾಡುವ ಅಧಿಕಾರ ಇಎಸ್‌ಐ ನಿಗಮಕ್ಕಿದೆ.

ಮುಂದಿನದ್ದೆಲ್ಲ ಇಎಸ್‌ಐ ಇಲ್ಲದವರಿಗೆ. ಮಲೆನಾಡಿನ ಕೂಲಿಕಾರರಲ್ಲಿ ಬಹುಪಾಲು ಅವರೇ.

ಮೊದಲ ವಾರ: ಮಾಲೀಕರಿಗೆ ಕಾಗದ

ಅವಘಡ ಆಗಿದೆ ಅಂತ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಆದಷ್ಟು ಬೇಗ. "ಅವರೇ ಆಸ್ಪತ್ರೆಗೆ ಬಂದು ಹಣ್ಣು ಕೊಟ್ಟು ಹೋದರಲ್ಲ, ಮತ್ತೆ ಕಾಗದ ಯಾಕೆ" ಅಂತ ಚಿಕ್ಕಮ್ಮ ಕೇಳಿದ್ದರು. ಮಾಲೀಕರಿಗೆ ಗೊತ್ತಿತ್ತು ಅಂತ ತೋರಿಸಿದರೆ ಕಾಗದ ಇಲ್ಲದಿದ್ದರೂ ಕೇಸ್ ನಿಲ್ಲುತ್ತದೆ, ನಿಜ. ಆದರೆ ಹಣ್ಣು ಕೊಟ್ಟಿದ್ದಕ್ಕೆ ರಸೀದಿ ಇರುವುದಿಲ್ಲ ಅಲ್ವಾ?

ಕಾಗದಕ್ಕೆ ವಕೀಲರು ಬೇಕಿಲ್ಲ. ನಾನು ಬರೆದದ್ದು ಹೀಗಿತ್ತು:

"ಮಾನ್ಯರೇ, ನಾನು ನಿಮ್ಮ ಮಿಲ್ಲಿನಲ್ಲಿ ಆರು ವರ್ಷದಿಂದ ಹಲಗೆ ಕೊಯ್ಯುವ ಕೆಲಸ ಮಾಡುತ್ತಿದ್ದೇನೆ. ತಿಂಗಳಿಗೆ 12,000 ರೂಪಾಯಿ ಕೊಡುತ್ತಿದ್ದೀರಿ. ಇಂಥ ದಿನ ಮಧ್ಯಾಹ್ನ ಮೂರು ಗಂಟೆಗೆ ಕೆಲಸ ಮಾಡುತ್ತಿರುವಾಗ ಗರಗಸದ ಬ್ಲೇಡ್ ತಾಗಿ ನನ್ನ ಎಡಗೈ ಹೆಬ್ಬೆರಳು ಪೂರ್ತಿ ಹೋಗಿದೆ. ಆಗ ಇಂಥಿಂಥವರು ಅಲ್ಲೇ ಇದ್ದರು. ನನ್ನನ್ನು ನಿಮ್ಮ ಜೀಪಿನಲ್ಲಿ ಆಸ್ಪತ್ರೆಗೆ ಸೇರಿಸಲಾಯಿತು. ಕಾನೂನಿನಂತೆ ನನಗೆ ಬರಬೇಕಾದ ಪರಿಹಾರ ಮತ್ತು ಚಿಕಿತ್ಸೆಯ ಖರ್ಚು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ."

ಕೆಳಗೆ ಸಹಿ, ಇಲ್ಲವೇ ಹೆಬ್ಬೆಟ್ಟು. ಬೈಗುಳ ಬೇಡ, ಬೆದರಿಕೆ ಬೇಡ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ ಮಾಡಿ, ತಲುಪಿದ ವಿವರವನ್ನು ಪ್ರಿಂಟ್ ತೆಗೆದಿಡಿ. ಕಾಗದದ ನಕಲನ್ನು ವಾಟ್ಸಾಪಿನಲ್ಲೂ ಕಳಿಸಿ.

ಕಾಗದ ಮುಟ್ಟಿದ ಮೂರು ದಿನದೊಳಗೆ ಮಾಲೀಕರು ತಮ್ಮ ಖರ್ಚಿನಲ್ಲಿ ಡಾಕ್ಟರ್ ಹತ್ತಿರ ತೋರಿಸುತ್ತೇವೆ ಅಂದರೆ ಹೋಗಿ. ಬೇಡ ಅಂದರೆ ನಿಮ್ಮ ಹಕ್ಕು ಅಷ್ಟು ದಿನ ತಡೆಯಾಗುತ್ತದೆ. ಮನೆಯವರೊಬ್ಬರು ಜೊತೆಗಿರಲಿ, ಕೊಟ್ಟ ಕಾಗದಕ್ಕೆಲ್ಲ ಓದದೆ ಸಹಿ ಹಾಕಬೇಡಿ.

ಕೆಲಸಕ್ಕಿದ್ದೆ ಅನ್ನೋದಕ್ಕೆ ಸಾಕ್ಷಿ

ದೊಡ್ಡ ಎಸ್ಟೇಟುಗಳಲ್ಲಿ ಹಾಜರಿ ಪುಸ್ತಕ, ಬಟವಾಡೆ ಪಟ್ಟಿ ಇರುತ್ತದೆ. ಸಣ್ಣ ತೋಟದಲ್ಲಿ, ಮಿಲ್ಲಿನಲ್ಲಿ ಏನೂ ಇರುವುದಿಲ್ಲ. ನಮ್ಮ ಕೇಸಿನಲ್ಲಿ ಮಾಲೀಕರ ಕಡೆಯ ಮೊದಲ ಉತ್ತರವೇ "ಇವರು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ" ಅಂತ. ಆರು ವರ್ಷ ಮಿಲ್ಲಿನಲ್ಲಿ ಊಟ ಮಾಡಿದ ಮನುಷ್ಯ ಅದನ್ನು ಕೇಳಿ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ನಮ್ಮನ್ನು ಉಳಿಸಿದ್ದು ಫೋನ್. ಮಾಲೀಕರ ಮಗ ವಾರಕ್ಕೊಮ್ಮೆ ಫೋನ್‌ಪೇ ಮಾಡುತ್ತಿದ್ದ. ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಆ ಹೆಸರು ಸಾಲಾಗಿ ಬಂದಿತ್ತು. "ನಾಳೆ ಲೋಡ್ ಇದೆ, ಬೇಗ ಬನ್ನಿ" ಅಂತ ಮೇಸ್ತ್ರಿ ಕಳಿಸಿದ ವಾಯ್ಸ್ ಮೆಸೇಜ್ ಇತ್ತು. ಆಸ್ಪತ್ರೆಯ ಮೊದಲ ಬಿಲ್ಲನ್ನು ಕಟ್ಟಿದ್ದೂ ಅದೇ ಮಗನ ಫೋನಿನಿಂದ. ಮನೆಯಲ್ಲಿ ಕಟ್ಟಿಗೆ ಒಡೆದು ಗಾಯ ಮಾಡಿಕೊಂಡವರ ಬಿಲ್ಲನ್ನು ಮಿಲ್ಲಿನವರು ಯಾಕೆ ಕಟ್ಟುತ್ತಾರೆ?

ಹಾಗಾಗಿ ಹಳೆಯ ಮೆಸೇಜ್ ಅಳಿಸಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ಅವಘಡ ಆದ ಜಾಗದ, ಯಂತ್ರದ, ಮರದ ಫೋಟೋ ತೆಗೆಯಿರಿ. ಜೊತೆಗೆ ಕೆಲಸ ಮಾಡಿದವರು ಮೊದಲ ವಾರ ಎಲ್ಲ ಹೇಳುತ್ತಾರೆ, ಮೂರನೇ ತಿಂಗಳಿಗೆ ಸುಮ್ಮನಾಗುತ್ತಾರೆ. ಅವರಿಗೂ ನಾಳೆ ಅಲ್ಲೇ ಕೂಲಿ ಬೇಕು, ಅವರ ಮೇಲೆ ಸಿಟ್ಟಾಗಬೇಡಿ. ಈಗಾಗಲೇ ಕೆಲಸ ಬಿಟ್ಟು ಹೋದ ಹಳೆಯ ಜೊತೆಗಾರರನ್ನು ಹುಡುಕಿ. ನಮ್ಮ ಪರ ಸಾಕ್ಷಿ ಹೇಳಿದ್ದು ಅಂಥವರೇ ಒಬ್ಬರು.

ಇನ್ನೊಂದು ಮಾತು. ಅಲ್ಯೂಮಿನಿಯಂ ದೋಟಿ (ಕೊಯ್ಯುವ ಉದ್ದನೆಯ ಕೋಲು), ಏಣಿ ಕರೆಂಟ್ ತಂತಿಗೆ ತಾಗಿ ಆದ ಅವಘಡ ನಮ್ಮ ತೋಟಗಳಲ್ಲಿ ಆಗುತ್ತಲೇ ಇರುತ್ತದೆ. ಆಗ ಕರೆಂಟ್ ಕಂಪನಿ ಮೆಸ್ಕಾಂಗೂ ಬರವಣಿಗೆಯಲ್ಲಿ ತಿಳಿಸಿ, ವಿದ್ಯುತ್ ಪರಿವೀಕ್ಷಕರ ವರದಿ ಕೇಳಿ. ಟ್ರ್ಯಾಕ್ಟರ್, ಲಾರಿ ಅವಘಡ ಆದರೆ ಮೋಟಾರು ವಾಹನ ನ್ಯಾಯಮಂಡಳಿಗೂ ಹೋಗಬಹುದು. ಎರಡರಲ್ಲಿ ಒಂದನ್ನೇ ಆರಿಸಬೇಕು. ಯಾವುದರಲ್ಲಿ ಹೆಚ್ಚು ಬರುತ್ತದೆ ಅಂತ ವಕೀಲರ ಹತ್ತಿರ ಲೆಕ್ಕ ಹಾಕಿಸಿ ಆಮೇಲೆ ತೀರ್ಮಾನಿಸಿ.

ಎಷ್ಟು ಬರಬೇಕು? ಲೆಕ್ಕ ನೀವೇ ಹಾಕಿ

ಇದು ಗೊತ್ತಿದ್ದರೆ ಯಾರೂ ಮೋಸ ಮಾಡೋಕೆ ಆಗುವುದಿಲ್ಲ. ಮೂರು ಅಂಕಿ ಬೇಕು: ತಿಂಗಳ ಸಂಬಳ, ವಯಸ್ಸಿಗೆ ತಕ್ಕ ಗುಣಕ, ಊನದ ಪ್ರಮಾಣ.

ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಒಂದು ಮಿತಿ ಇದೆ. 2010ರಿಂದ ಅದು 8,000 ಇತ್ತು, 2020ರ ಜನವರಿಯಲ್ಲಿ 15,000 ಮಾಡಿದರು. ನಿಮ್ಮ ಅವಘಡದ ದಿನ ಎಷ್ಟಿತ್ತೋ ಅದೇ ಲೆಕ್ಕ. ಗುಣಕ ಕಾಯ್ದೆಯ ಪಟ್ಟಿಯಲ್ಲೇ ಇದೆ. 20 ವರ್ಷದವರಿಗೆ 224, 30ಕ್ಕೆ 207.98, 40ಕ್ಕೆ 184.17, 50ಕ್ಕೆ 153.09, 60ಕ್ಕೆ 117.41. ನಡುವಿನ ಪ್ರತಿ ವಯಸ್ಸಿಗೂ ಒಂದೊಂದು ಸಂಖ್ಯೆ ಇದೆ. ಊನದ ಪಟ್ಟಿಯೂ ಹಾಗೇ. ಹೆಬ್ಬೆರಳು ಪೂರ್ತಿ ಹೋದರೆ ಶೇ. 30, ತೋರುಬೆರಳು ಪೂರ್ತಿ ಹೋದರೆ ಶೇ. 14, ಇನ್ನೊಂದು ಕಣ್ಣು ಚೆನ್ನಾಗಿದ್ದು ಒಂದು ಕಣ್ಣು ಹೋದರೆ ಶೇ. 40, ಒಂದೇ ಕೈಯ ನಾಲ್ಕು ಬೆರಳು ಹೋದರೆ ಶೇ. 50.

ಚಿಕ್ಕಪ್ಪನಿಗೆ ಆಗ 50 ವರ್ಷ. ಸಂಬಳ 12,000. ಕಾನೂನು ಲೆಕ್ಕಕ್ಕೆ ಹಿಡಿಯುವುದು ಅದರ ಶೇ. 60, ಅಂದರೆ 7,200. ಅದನ್ನು 153.09ರಿಂದ ಗುಣಿಸಿದರೆ 11,02,248. ಪೂರ್ತಿ ಅಂಗವಿಕಲರಾಗಿದ್ದರೆ ಅಷ್ಟೂ ಬರುತ್ತಿತ್ತು. ಹೆಬ್ಬೆರಳಿಗೆ ಅದರ ಶೇ. 30, ಅಂದರೆ 3,30,674 ರೂಪಾಯಿ. ಚಿಕಿತ್ಸೆಗೆ ನಿಜವಾಗಿ ಆದ ಖರ್ಚು ಬೇರೆ, ಅದಕ್ಕೇ ಮಾತ್ರೆ ಅಂಗಡಿಯ ಬಿಲ್ಲನ್ನೂ ಬಿಸಾಡಬೇಡಿ. ಜೀವ ಹೋಗಿದ್ದರೆ ಶೇ. 60ರ ಬದಲು ಶೇ. 50 ಹಿಡಿದು ಅದೇ ಗುಣಕದಿಂದ ಗುಣಿಸಬೇಕು.

ಮೂಳೆ ಮುರಿದು ಕೆಲವು ತಿಂಗಳು ಮಲಗಿ ಆಮೇಲೆ ಪೂರ್ತಿ ವಾಸಿಯಾದರೆ, ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಶೇ. 25 ಬರಬೇಕು. ಮೂರು ದಿನದೊಳಗೆ ವಾಸಿಯಾದ ಗಾಯಕ್ಕೆ ಏನೂ ಇಲ್ಲ. 28 ದಿನ ಅಥವಾ ಜಾಸ್ತಿ ಮಲಗಿದರೆ ಮೊದಲ ದಿನದಿಂದಲೇ ಲೆಕ್ಕ.

ಪಟ್ಟಿಯ ಪ್ರಮಾಣವೇ ಕೊನೆಯ ಮಾತಲ್ಲ. 1975ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಬ್ಬ ಬಡಗಿಯ ಕೇಸ್ ಬಂದಿತ್ತು. ಮೊಣಕೈ ಮೇಲಿನಿಂದ ಎಡಗೈ ತೆಗೆದಿದ್ದರು. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ಇದು ಪೂರ್ತಿ ಅಂಗವೈಕಲ್ಯ ಅಂತ ಕೋರ್ಟ್ ಹೇಳಿತು. ಕೊನೆಗಾರನ ಕಾಲಿನ ಕೀಲು ಹೋದರೆ ಅವನು ಮತ್ತೆ ಮರ ಹತ್ತುತ್ತಾನಾ? ನಿಮ್ಮ ಕಸುಬು ಏನು, ಅದನ್ನು ಇನ್ನು ಮಾಡೋಕೆ ಆಗುತ್ತದಾ ಅನ್ನೋದನ್ನು ಡಾಕ್ಟರ್ ಸರ್ಟಿಫಿಕೇಟಿನಲ್ಲಿ ಸ್ಪಷ್ಟವಾಗಿ ಬರೆಸಿ.

ಹಳೆಯ ಕಾಯ್ದೆಯಲ್ಲಿ, ಪರಿಹಾರ ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ. ಸರಿಯಾದ ಕಾರಣ ಇಲ್ಲದೆ ತಡ ಮಾಡಿದರೆ ಶೇ. 50ರವರೆಗೆ ದಂಡ. ಚಿಕ್ಕಪ್ಪನ ಮೊತ್ತಕ್ಕೆ ಬಡ್ಡಿಯೇ ವರ್ಷಕ್ಕೆ 39,681 ರೂಪಾಯಿ ಆಗುತ್ತಿತ್ತು.

ಬಾಂಡ್ ಪೇಪರಿನ ರಾಜಿ

ಹದಿನೈದನೇ ದಿನ ಮನೆಗೆ ನಾಲ್ಕು ಜನ ಬಂದರು. ಊರಿನ ಹಿರಿಯರೇ. ಬಾಂಡ್ ಪೇಪರ್ ಟೈಪ್ ಆಗಿ ಬಂದಿತ್ತು. 25,000 ರೂಪಾಯಿ ಕೊಟ್ಟಿದ್ದೇವೆ, ಮುಂದೆ ಯಾವ ತಕರಾರೂ ಇಲ್ಲ. ಚಿಕ್ಕಪ್ಪ ಪೆನ್ ಎತ್ತಿಕೊಂಡಿದ್ದರು. "ಇಷ್ಟು ವರ್ಷ ಅವರ ಅನ್ನ ತಿಂದಿದ್ದೇನೆ ಮಗ, ಕೋರ್ಟಿಗೆ ಎಳೀಲಾ?" ಅಂತ ನನ್ನ ಮುಖ ನೋಡಿದರು.

ಮಲೆನಾಡಿನಲ್ಲಿ ಎಷ್ಟೋ ಕೇಸು ಸಾಯುವುದು ಈ ದಾಕ್ಷಿಣ್ಯದಲ್ಲೇ. ಮದುವೆಗೆ ಸಾಲ ಕೊಟ್ಟವರು, ಮಳೆಗಾಲಕ್ಕೆ ಅಕ್ಕಿ ಕೊಟ್ಟವರು ಅವರೇ. ಅದರ ಋಣ ಬೇರೆ, ಹೋದ ಬೆರಳಿನ ಲೆಕ್ಕ ಬೇರೆ. ಪರಿಹಾರ ಕೇಳುವುದು ಅವರ ಮೇಲೆ ದ್ವೇಷ ಸಾಧಿಸಿದ ಹಾಗಲ್ಲ. ಸಂಬಳ ಕೇಳುವುದಕ್ಕೆ ನಾಚಿಕೆ ಇಲ್ಲದಿದ್ದರೆ ಇದಕ್ಕೂ ಬೇಡ.

ರಾಜಿ ಮಾಡಿಕೊಳ್ಳಲೇಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಆ ರಾಜಿಯನ್ನು ಪರಿಹಾರದ ಕೇಸ್ ನೋಡುವ ಪ್ರಾಧಿಕಾರದ ಮುಂದೆ ನೋಂದಾಯಿಸಬೇಕು. ಮೊತ್ತ ತೀರಾ ಕಡಿಮೆ ಅನಿಸಿದರೆ ಅವರು ನೋಂದಣಿ ನಿರಾಕರಿಸಬಹುದು. "ಪರಿಹಾರದ ಹಕ್ಕು ಬಿಟ್ಟಿದ್ದೇನೆ" ಅಂತ ಬರೆಸಿಕೊಂಡ ಕಾಗದಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲ. ಈಗಾಗಲೇ ಸಹಿ ಹಾಕಿಬಿಟ್ಟಿದ್ದೀರಾ? ಹೆದರಬೇಡಿ, ಆದರೂ ಅರ್ಜಿ ಹಾಕಬಹುದು.

ತೋಟದ ಯಜಮಾನರಿಗೂ ಒಂದು ಮಾತು. ಎರಡು ಎಕರೆ ಅಡಿಕೆ ಇಟ್ಟುಕೊಂಡವರಿಗೆ ಹತ್ತು ಲಕ್ಷ ಕೊಡುವ ಶಕ್ತಿ ಇರುವುದಿಲ್ಲ, ನಿಜ. ಅದಕ್ಕೇ ವಿಮಾ ಕಂಪನಿಗಳಲ್ಲಿ ನೌಕರರ ಪರಿಹಾರ ಪಾಲಿಸಿ ಅಂತ ಇದೆ. ಕೊಯ್ಲಿಗೆ ಮುಂಚೆ ಎಷ್ಟು ಆಳು, ಎಂಥ ಕೆಲಸ ಅಂತ ಹೇಳಿ ಮಾಡಿಸಿಡಿ. ಆಗ ಪರಿಹಾರವನ್ನು ಕಂಪನಿ ಕಟ್ಟುತ್ತದೆ. ತಡ ಮಾಡಿದ್ದಕ್ಕೆ ಬೀಳುವ ದಂಡ ಮಾತ್ರ ನಿಮ್ಮ ಕೈಯಿಂದಲೇ ಹೋಗುತ್ತದೆ.

ಗಾಯ ಕಾಣದ ಕಾಯಿಲೆಗಳು

ಕೆಲಸದಿಂದ ಬಂದ ಕಾಯಿಲೆಗೂ ಪರಿಹಾರ ಇದೆ. ಕ್ವಾರಿ, ಕ್ರಷರ್, ಫೌಂಡ್ರಿ ಮರಳಿನ ಧೂಳಿನಿಂದ ಬರುವ ಸಿಲಿಕೋಸಿಸ್, ದೊಡ್ಡ ಸದ್ದಿನಿಂದ ಕಿವುಡು, ಕೆಲಸದ ಜಾಗದ ಧೂಳಿನಿಂದ ಬರುವ ಅಸ್ತಮಾ ಪಟ್ಟಿಯಲ್ಲಿವೆ. ಕೆಲವು ಕಾಯಿಲೆಗೆ ಒಬ್ಬರೇ ಮಾಲೀಕರ ಹತ್ತಿರ ಕನಿಷ್ಠ ಆರು ತಿಂಗಳು ಸತತವಾಗಿ ದುಡಿದಿರಬೇಕು. ಔಷಧಿ ಹೊಡೆಯುವಾಗ ಒಂದೇ ದಿನದಲ್ಲಿ ವಿಷ ಏರಿದರೆ ಅದು ಅವಘಡವೇ, ಆರು ತಿಂಗಳ ಪ್ರಶ್ನೆ ಬರುವುದಿಲ್ಲ.

ಸಿಲಿಕೋಸಿಸನ್ನು ಟಿಬಿ ಅಂದುಕೊಂಡು ವರ್ಷಗಟ್ಟಲೆ ಮಾತ್ರೆ ನುಂಗುವವರಿದ್ದಾರೆ. ಎಕ್ಸ್‌ರೇ ತೆಗೆಯುವ ದಿನವೇ "ನಾನು ಇಷ್ಟು ವರ್ಷ ಕಲ್ಲು ಒಡೆದಿದ್ದೇನೆ" ಅಂತ ಡಾಕ್ಟರಿಗೆ ಹೇಳಿ.

ಮಂಗನ ಕಾಯಿಲೆಯ ಮಾತು ಹೇಳದೆ ಇರಲಾರೆ. 1957ರಲ್ಲಿ ಅದನ್ನು ಮೊದಲು ಗುರುತಿಸಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸೋಂಕು ತಗಲುವ ವಿಶೇಷ ಅಪಾಯ ಇರುವ ಕೆಲಸದಿಂದ ಬಂದ ಸೋಂಕು ರೋಗಗಳು ಕಾಯ್ದೆಯ ಪಟ್ಟಿಯಲ್ಲಿವೆ. ಕಾಡಿನ ವಾಚರ್, ನೆಡುತೋಪಿನ ಕೂಲಿ, ಸತ್ತ ಮಂಗ ತೆಗೆಯಲು ಹೋದವರು ಈ ಆಧಾರದ ಮೇಲೆ ಕೇಳಬಹುದು. ಜ್ವರ ಬಂದ ಕೂಡಲೇ ರಕ್ತ ಪರೀಕ್ಷೆ ಮಾಡಿಸಿ, ವರದಿ ಇಟ್ಟುಕೊಳ್ಳಿ. ಶಿವಮೊಗ್ಗದಲ್ಲಿ ಇದಕ್ಕೆಂದೇ ವೈರಸ್ ಪತ್ತೆ ಪ್ರಯೋಗಾಲಯ ಇದೆ. ಜ್ವರಕ್ಕೆ ಮುಂಚಿನ ದಿನಗಳಲ್ಲಿ ಯಾವ ಕಾಡಿನಲ್ಲಿ, ಯಾರ ಕೆಲಸದಲ್ಲಿ ಇದ್ದಿರಿ ಅಂತ ದಿನಾಂಕದ ಸಮೇತ ಬರೆದಿಡಿ.

ಜೀವ ಹೋದ ಮನೆಗೆ

ಆ ಹೊತ್ತಿನಲ್ಲಿ ಕಾಗದದ ಮಾತಾಡುವುದು ಕಷ್ಟ. ಆದರೂ ನೆಂಟರಲ್ಲಿ ಒಬ್ಬರು ಗಟ್ಟಿ ಮನಸ್ಸು ಮಾಡಬೇಕು. ಪೋಸ್ಟ್‌ಮಾರ್ಟಂ ಬೇಡ ಅಂತ ಹಠ ಹಿಡಿಯಬೇಡಿ. ಅದಿಲ್ಲದೆ ಸಾವಿನ ಕಾರಣ ತೋರಿಸುವುದು ಬಹಳ ಕಷ್ಟ. ಹಾವು ಕಚ್ಚಿ, ಮರದಿಂದ ಬಿದ್ದು ಸತ್ತಾಗಲೂ ಹಾಗೆಯೇ.

ಪರಿಹಾರದ ಹಣವನ್ನು ಮಾಲೀಕರು ಮನೆಯವರ ಕೈಗೆ ನೇರವಾಗಿ ಕೊಡುವ ಹಾಗಿಲ್ಲ, ಪರಿಹಾರದ ಕೇಸ್ ನೋಡುವ ಆ ಪ್ರಾಧಿಕಾರದಲ್ಲೇ ಠೇವಣಿ ಇಡಬೇಕು. ಮೂರು ತಿಂಗಳ ಸಂಬಳದಷ್ಟು ಮುಂಗಡ ಮಾತ್ರ ಕೊಡಬಹುದು. ಇದು ಹೆಂಡತಿ, ಮಕ್ಕಳ ರಕ್ಷಣೆಗೆ ಇರುವ ನಿಯಮ. ಕೈಗೆ ಬಂದ ಹಣ ಯಾರ್ಯಾರ ಸಾಲಕ್ಕೋ ಹೋಗುವುದನ್ನು ನಾವು ನೋಡಿಲ್ಲವೇ?

2021ರ ಜನವರಿ 21ರ ರಾತ್ರಿ ಹುಣಸೋಡಿನ ಕಲ್ಲು ಕ್ವಾರಿಯ ಹತ್ತಿರ ಆದ ಸ್ಫೋಟ ಶಿವಮೊಗ್ಗದವರಿಗೆ ಮರೆಯುವಂಥದ್ದಲ್ಲ. ಮೈಲಿಗಟ್ಟಲೆ ದೂರದ ಮನೆಗಳೂ ನಡುಗಿದವು, ಕಾರ್ಮಿಕರು ಸತ್ತರು. ಕ್ವಾರಿ ಕೆಲಸಕ್ಕೆ ಹೋಗುವವರು ಯಾರ ಹತ್ತಿರ, ಎಲ್ಲಿ ಕೆಲಸ ಅಂತ ಮನೆಯಲ್ಲಿ ಹೇಳಿ ಹೋಗಿ. ಮಾಲೀಕರ ಹೆಸರು, ಫೋನ್ ನಂಬರ್ ಗೋಡೆಯ ಕ್ಯಾಲೆಂಡರಿನಲ್ಲಾದರೂ ಬರೆದಿರಲಿ.

ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತ ಆಗುತ್ತಿದೆಯಾ ಅಂತಲೂ ನೋಡಿ. ಅದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ. ಅವಘಡದಲ್ಲಿ ಸಾವಾದರೆ 2 ಲಕ್ಷ, ಭಾಗಶಃ ಶಾಶ್ವತ ಊನಕ್ಕೆ 1 ಲಕ್ಷ. ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದವರು ಅದನ್ನು ಕೊಟ್ಟ ಕಲ್ಯಾಣ ಮಂಡಳಿಗೂ ಅರ್ಜಿ ಹಾಕಿ. ಇವು ಮಾಲೀಕರು ಕೊಡಬೇಕಾದ ಪರಿಹಾರದ ಬದಲಿಗೆ ಕೊಡುವ ಹಣವಲ್ಲ.

ಅರ್ಜಿ ಹಾಕುವ ದಿನ

ಕಾಗದಕ್ಕೆ ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಕಾಯಬೇಡಿ. ಅರ್ಜಿಗೆ ಅವಘಡದ ದಿನದಿಂದ ಎರಡು ವರ್ಷ ಸಮಯ ಇದೆ. ಸರಿಯಾದ ಕಾರಣ ತೋರಿಸಿದರೆ ತಡವಾದದ್ದನ್ನು ಮನ್ನಿಸುತ್ತಾರೆ, ಆದರೆ ಅದನ್ನು ನಂಬಿ ಕೂರಬೇಡಿ.

ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ತಾಲ್ಲೂಕು ಕೋರ್ಟುಗಳಲ್ಲೂ ಅದರ ಸಮಿತಿ ಇದೆ. ಫೋನ್ ನಂಬರ್ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಕಡಿಮೆ ಆದಾಯದವರಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಅರ್ಜಿ ಯಾವ ಕೋರ್ಟಿಗೆ ಹೋಗಬೇಕು ಅಂತ ಅವರೇ ಹೇಳುತ್ತಾರೆ. ಅವಘಡ ಆದ ಊರಿನಲ್ಲೇ ಹಾಕಬೇಕು ಅಂತಿಲ್ಲ, ನೀವು ವಾಸ ಇರುವ ಕಡೆಯೂ ಹಾಕಬಹುದು. ಕೊಯ್ಲಿಗೆ ಅಂತ ಬಯಲುಸೀಮೆಯಿಂದ ಬಂದು ಪೆಟ್ಟು ಮಾಡಿಕೊಂಡು ಊರಿಗೆ ಹೋದವರಿಗೆ ಇದು ದೊಡ್ಡ ಅನುಕೂಲ.

ಖಾಸಗಿ ವಕೀಲರನ್ನು ಹಿಡಿದರೆ ಫೀಸ್ ಮೊದಲೇ ಮಾತಾಡಿ. "ಬಂದದ್ದರಲ್ಲಿ ಇಷ್ಟು ಪಾಲು" ಅನ್ನುವ ಒಪ್ಪಂದ ವಕೀಲರ ನಿಯಮಕ್ಕೇ ವಿರುದ್ಧ.

ಆಧಾರ್, ಬ್ಯಾಂಕ್ ಪಾಸ್‌ಬುಕ್, ವಯಸ್ಸಿನ ದಾಖಲೆ, ಆಸ್ಪತ್ರೆ ಕಾಗದ, ಬಿಲ್ಲು, ಸ್ಪೀಡ್ ಪೋಸ್ಟ್ ರಸೀದಿ, ಎಲ್ಲದರ ಮೂರು ಮೂರು ಜೆರಾಕ್ಸ್ ಮಾಡಿಸಿ. ಹಳೆಯ ಕಾಯ್ದೆಯಲ್ಲಿ ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತಿತ್ತು, ನಮಗೆ ಜಾಸ್ತಿಯೇ ಹಿಡಿಯಿತು. ಸಾಕ್ಷಿ ಹೇಳುವ ದಿನ ತಪ್ಪಿಸಬೇಡಿ.

ಚಿಕ್ಕಪ್ಪನಿಗೆ ಸಹಿ ಮಾಡೋಕೆ ಬರುತ್ತಿತ್ತು, ಆದರೂ ಒಂದು ಕಾಗದಕ್ಕೆ ಹೆಬ್ಬೆಟ್ಟು ಬೇಕು ಅಂದರು. ಗುಮಾಸ್ತರು ಅಭ್ಯಾಸದಂತೆ ಇಂಕ್ ಪ್ಯಾಡ್ ಮುಂದೆ ತಳ್ಳಿ "ಎಡಗೈ" ಅಂದರು. ಚಿಕ್ಕಪ್ಪ ಎಡಗೈಯನ್ನು ಮೇಜಿನ ಮೇಲೆ ಇಟ್ಟರು. ಗುಮಾಸ್ತರು ಒಂದು ಗಳಿಗೆ ನೋಡಿದರು. ಆಮೇಲೆ ತಾವೇ ಎದ್ದು ಬಂದು, ಬಲಗೈ ಹಿಡಿದು ಒತ್ತಿಸಿ, ಪಕ್ಕದಲ್ಲಿ "ಎಡಗೈ ಹೆಬ್ಬೆರಳು ಇಲ್ಲದ್ದರಿಂದ ಬಲಗೈ ಹೆಬ್ಬೆಟ್ಟು" ಅಂತ ಬರೆದರು. ಬೆರಳು ಕಳೆದುಕೊಂಡವರು ಇದನ್ನು ಬರೆಸುವುದನ್ನು ಮರೆಯಬೇಡಿ. ಗಾಯ ಒಣಗಿದ ಮೇಲೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನೂ ಹೊಸದಾಗಿ ಕೊಡಿ. ಇಲ್ಲದಿದ್ದರೆ ಪರಿಹಾರದ ಹಣ ಖಾತೆಗೆ ಬಂದ ದಿನ ಬ್ಯಾಂಕಿನಲ್ಲಿ, ಅದಕ್ಕೂ ಮೊದಲೇ ರೇಷನ್ ಅಂಗಡಿಯಲ್ಲಿ ತೊಂದರೆ ಆಗುತ್ತದೆ.